ದೋಣಿಗೆ ಬರುವವರು ಓದಿ

ಹುಬ್ಬಳ್ಳಿ, ಧಾರವಾಡದ ಮನೆಯವರಿಗೆಲ್ಲ ನಮಸ್ಕಾರ. ಡಿಸೆಂಬರ್ ರಜೆಗೆ ಕಾರವಾರಕ್ಕೆ, ನಮ್ಮ ಹಾಯಿದೋಣಿಗೆ ನೀವು ಬರುತ್ತಿರುವುದು ತುಂಬಾ ಖುಷಿ. ಸೂಟ್‌ಕೇಸ್ ಬೇಡ, ಇಡಲು ಜಾಗವಿಲ್ಲ. ಮಡಚಿಡುವ ಬಟ್ಟೆ ಚೀಲ ತನ್ನಿ. ಸ್ವೆಟರ್ ಸುಮ್ನೆ ಭಾರ, ಇಲ್ಲಿ ಧಾರವಾಡದ ಚಳಿ ಇರುವುದಿಲ್ಲ.

ನೀರೆಲ್ಲ ಟ್ಯಾಂಕಿನದೇ. ಊರಲ್ಲಿ ನಲ್ಲಿ ನೀರು ದಿನಗಟ್ಟಲೆ ಬಾರದಾಗ ಹೇಗೆ ಉಳಿಸುತ್ತೇವೆ ಅಲ್ವಾ, ಹಾಗೇ ಬಳಸಿ.

ಅರಬೈಲು ಘಾಟಿನ ತಿರುವಿನಲ್ಲೇ ಹೊಟ್ಟೆ ತೊಳೆಸುವವರು ಡಾಕ್ಟರನ್ನು ಕೇಳಿ ಮಾತ್ರೆ ತನ್ನಿ. ದೋಣಿ ಹೊರಡುವ ಮೊದಲೇ ನುಂಗಬೇಕು. ಆಮೇಲೆ ಮೇಲೆ ಗಾಳಿಗೆ ಕೂತು ದೂರದ ದಡ ನೋಡಿ, ಮೊಬೈಲ್ ಬೇಡ.

ಮಧ್ಯಾಹ್ನ ಕಡಲ ಗಾಳಿ ಏಳುತ್ತದೆ, ಆಗ ಹಾಯಿ ಬಿಚ್ಚೋಣ. ಮಕ್ಕಳು ಲೈಫ್ ಜಾಕೆಟ್ ತೆಗೆಯುವಂತಿಲ್ಲ.

ಅವ್ವ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಜಾಸ್ತಿ ತಾ.