ಲಿಯರ್ ಮುಗಿಯಿತು, ಇನ್ನು ಥ್ಯಾಂಕ್ಸ್ ಹೇಳುವ ಸರದಿ

ಷೇಕ್ಸ್‌ಪಿಯರ್ ಬರೆದ ಮುದಿ ರಾಜನ ಕಥೆ, ನಮ್ಮ ಕನ್ನಡ ‘ಕಿಂಗ್ ಲಿಯರ್’, ಕೊನೆಗೂ ಉತ್ತರ ಲಂಡನ್ನಿನ ಹಾಲೊಂದರಲ್ಲಿ ರಂಗಕ್ಕೆ ಬಂತು. ನೋಡಲು ಬಂದವರಿಗೆ, ಬರಲಾಗದೆ ಫೋನಿನಲ್ಲೇ ಹರಸಿದವರಿಗೆ, ಮಳೆಯಲ್ಲಿ ಬಿಸಿಬೇಳೆ ಬಾತಿನ ಪಾತ್ರೆ ಹೊತ್ತು ತಂದವರಿಗೆ ಮನಸಾರೆ ಧನ್ಯವಾದ. ನೈಟ್ ಡ್ಯೂಟಿ ಮುಗಿಸಿ ನೇರವಾಗಿ ರಿಹರ್ಸಲ್‌ಗೆ ಬರುತ್ತಿದ್ದ ನರ್ಸ್‌ಗಳು, ರೈಲಿನಲ್ಲಿ ಕೂತು ಮಾತು ಬಾಯಿಪಾಠ ಮಾಡಿದ ಸಾಫ್ಟ್‌ವೇರ್ ಹುಡುಗರು, ಮಕ್ಕಳನ್ನೂ ಜೊತೆಗೇ ಕರೆತಂದ ಅಮ್ಮಂದಿರು, ನೀವು ಯಾರೂ ಇಲ್ಲದಿದ್ದರೆ ಈ ನಾಟಕ ಆಗ್ತಿರಲಿಲ್ಲ.

ನಾಟಕದ ಕರಪತ್ರದ ಕೊನೆಯಲ್ಲಿ ‘ಡಾಕ್ಟರ್ ಜೊನಾಥನ್ ಮಿಲ್ಲರ್ ಅವರಿಗೆ ಋಣಿ’ ಅಂತ ಹಾಕಿದ್ದೆ. ಯಾರದು, ನಿಮ್ಮ ಆಸ್ಪತ್ರೆಯವರಾ ಅಂತ ಎಷ್ಟೋ ಜನ ಕೇಳಿದಿರಿ. ಅಲ್ಲ. ಡಾಕ್ಟರಿಕೆ ಓದಿ ನಾಟಕ, ಟಿವಿ ನಿರ್ದೇಶಕರಾದ ಇಂಗ್ಲಿಷರು. ನಾನು ಅವರನ್ನು ಮುಖತಃ ನೋಡಿಯೇ ಇಲ್ಲ. 2019ರ ನವೆಂಬರ್ 27ರಂದು ಅವರು ತೀರಿಕೊಂಡರು. ಆದರೂ ಈ ನಾಟಕ ಮಾಡಿಸುವ ಧೈರ್ಯ ಬಂದದ್ದು ಅವರಿಂದಲೇ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನನ್ನ ಹಗಲಿನ ಕೆಲಸ ಫಿಸಿಯೋಥೆರಪಿ. ಪಾರ್ಕಿನ್ಸನ್, ಅಂದರೆ ಕೈ ನಡುಗಿ ಚಲನೆ ನಿಧಾನವಾಗುವ ಕಾಯಿಲೆ ಬಂದವರ ಜೊತೆಯೇ ಜಾಸ್ತಿ ಇರುತ್ತೇನೆ. ಸಂಜೆಯಾದರೆ ನಾಟಕದ ಹುಚ್ಚು. ಧಾರವಾಡದಿಂದ ಇಲ್ಲಿಗೆ ಬಂದಾಗಿನಿಂದ ಎರಡರಲ್ಲಿ ಒಂದು ಬಿಡು ಅಂತ ಹೇಳಿದವರೇ ಎಲ್ಲ. ನನಗೂ ಎಷ್ಟೋ ಸಲ ಹಾಗೇ ಅನಿಸಿತ್ತು. ಆ ಹೊತ್ತಿನಲ್ಲಿ ಮಿಲ್ಲರ್ ಸಿಕ್ಕರು.

ಮಿಲ್ಲರ್ 1934ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ಅಪ್ಪ ಮನೋವೈದ್ಯ, ಅಮ್ಮ ಕಾದಂಬರಿಗಾರ್ತಿ. ಚಿಕ್ಕಂದಿನಲ್ಲಿ ತೊದಲು ಇತ್ತು. ಕೇಂಬ್ರಿಜ್‌ನಲ್ಲಿ ಓದಿ 1959ರಲ್ಲಿ ಡಾಕ್ಟರ್ ಆದರು. ಮರುವರ್ಷವೇ ಎಡಿನ್‌ಬರೋ ಉತ್ಸವದಲ್ಲಿ ಪೀಟರ್ ಕುಕ್, ಡಡ್ಲಿ ಮೂರ್, ಅಲನ್ ಬೆನೆಟ್ ಜೊತೆ ‘ಬಿಯಾಂಡ್ ದ ಫ್ರಿಂಜ್’ ಎಂಬ ನಗೆ ಪ್ರದರ್ಶನ ಕೊಟ್ಟರು. ಅದು ಲಂಡನ್ನಿಗೆ ಹೋಯಿತು, ಅಲ್ಲಿಂದ ನ್ಯೂಯಾರ್ಕಿಗೆ. ಆಸ್ಪತ್ರೆಗೆ ವಾಪಸ್ ಹೋಗುವ ದಿನ ಮುಂದಕ್ಕೆ ಹೋಗುತ್ತಲೇ ಇತ್ತು.

ಆಮೇಲೆ ಅವರು ಮಾಡಿದ ಕೆಲಸಗಳನ್ನು ಓದಿದರೆ ಒಬ್ಬರೇನಾ ಇವರು ಅನಿಸುತ್ತದೆ. 1966ರಲ್ಲಿ ಬಿಬಿಸಿಗೆ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಚಿತ್ರ ಮಾಡಿದರು. ಮೊಲಕ್ಕೆ ಕಿವಿ ಇಲ್ಲ, ಇಲಿಗೆ ಬಾಲ ಇಲ್ಲ. ಎಲ್ಲರೂ ವಿಕ್ಟೋರಿಯಾ ಕಾಲದ ಬಟ್ಟೆ ಹಾಕಿದ ದೊಡ್ಡವರು. ಒಂದು ಮಗುವಿಗೆ ದೊಡ್ಡವರ ಲೋಕ ಎಷ್ಟು ವಿಚಿತ್ರವಾಗಿ ಕಾಣುತ್ತೆ ಅನ್ನೋದೇ ಚಿತ್ರ. ಅದಕ್ಕೆ ಸಂಗೀತ ಕೊಟ್ಟವರು ನಮ್ಮ ರವಿಶಂಕರ್. ಇಂಗ್ಲಿಷ್ ತೋಟದ ಮೇಲೆ ಸಿತಾರ್ ಹರಿದು ಬರುತ್ತೆ. ಸಿಕ್ಕರೆ ದಯವಿಟ್ಟು ನೋಡಿ.

1970ರಲ್ಲಿ ಹೆಸರಾಂತ ನಟ ಲಾರೆನ್ಸ್ ಒಲಿವಿಯೆ ಅವರನ್ನು ಸಾಲ ಕೊಡುವ ಶೈಲಾಕ್ ಮಾಡಿ ಷೇಕ್ಸ್‌ಪಿಯರ್‌ನ ‘ಮರ್ಚೆಂಟ್ ಆಫ್ ವೆನಿಸ್’ ನಿರ್ದೇಶಿಸಿದರು. ಸಂಗೀತದ ನೊಟೇಷನ್ ಓದಲು ಬರದಿದ್ದರೂ ಒಪೆರಾಗಳನ್ನು, ಅಂದರೆ ಹಾಡಿನಲ್ಲೇ ನಡೆಯುವ ನಾಟಕಗಳನ್ನು ಮಾಡಿಸಿದರು. 1982ರ ‘ರಿಗೊಲೆಟ್ಟೊ’ವನ್ನು ನ್ಯೂಯಾರ್ಕಿನ ಮಾಫಿಯಾ ಲೋಕಕ್ಕೆ ತಂದರು. ಅದರ ಪ್ರಸಿದ್ಧ ಹಾಡು ಅಲ್ಲಿ ಜ್ಯೂಕ್‌ಬಾಕ್ಸ್‌ನಿಂದ, ಕಾಸು ಹಾಕಿದರೆ ಹಾಡುವ ಪೆಟ್ಟಿಗೆಯಿಂದ, ಶುರುವಾಗುತ್ತೆ! ಓಲ್ಡ್ ವಿಕ್ ರಂಗಮಂದಿರ ನಡೆಸಿದರು, ಪುಸ್ತಕ ಬರೆದರು. ಪುಟ ತೆರೆದರೆ ಅಂಗಾಂಗಗಳು ಎದ್ದು ನಿಲ್ಲುವ, ಮನುಷ್ಯನ ದೇಹದ ಬಗ್ಗೆ ಮಕ್ಕಳಿಗಾಗಿ ಬಂದ ಪುಸ್ತಕವೂ ಅವರದೇ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಟಿವಿ ಕೆಲಸ. 1978ರಲ್ಲಿ ‘ದ ಬಾಡಿ ಇನ್ ಕ್ವೆಶ್ಚನ್’ ಅಂತ 13 ಕಂತುಗಳ ಸರಣಿ ಬಂತು. ನೋವು ಅಂದರೇನು, ಉಸಿರು ಹೇಗೆ ನಡೆಯುತ್ತೆ, ರಕ್ತ ಸುತ್ತುತ್ತೆ ಅಂತ ಮನುಷ್ಯರಿಗೆ ಹೇಗೆ ಗೊತ್ತಾಯಿತು, ಇವೇ ವಿಷಯ. ಉದ್ದನೆಯ ಕೈಗಳನ್ನು ಆಡಿಸುತ್ತಾ ಅವರು ಮಾತಾಡುತ್ತಿದ್ದರೆ ಪಾಠ ಕೇಳುತ್ತಿದ್ದೇವೆ ಅನಿಸೋದೇ ಇಲ್ಲ. 1984ರಲ್ಲಿ ‘ಐವನ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಐವನ್ ವಾನ್‌ಗೆ ಪಾರ್ಕಿನ್ಸನ್ ಇತ್ತು. ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್‌ಗೆ ಪಾಲ್ ಮೆಕಾರ್ಟ್ನಿಯನ್ನು ಪರಿಚಯಿಸಿದ ಗೆಳೆಯ ಇವರೇ. ಐವನ್ ಅವರನ್ನು ಮಿಲ್ಲರ್ ರೋಗಿ ಅಂತ ಮರುಗಿ ನೋಡಲಿಲ್ಲ. ತನ್ನ ದೇಹದ ಜೊತೆ ದಿನವೂ ಚೌಕಾಸಿ ಮಾಡುವ ಜಾಣ ಮನುಷ್ಯ ಅಂತ ನೋಡಿದರು.

ನನ್ನ ಕೆಲಸದಲ್ಲಿ ಇದು ದಿನದ ಮಾತು. ಪಾರ್ಕಿನ್ಸನ್ ಇರುವವರು ಕೆಲವೊಮ್ಮೆ ಬಾಗಿಲ ಹತ್ತಿರ ಥಟ್ಟನೆ ನಿಂತುಬಿಡುತ್ತಾರೆ. ಕಾಲು ನೆಲಕ್ಕೆ ಅಂಟಿದ ಹಾಗೆ. ಎಷ್ಟೋ ಜನರಿಗೆ ನೆಲದ ಮೇಲೆ ಪಟ್ಟಿ ಅಂಟಿಸಿ, ಇದನ್ನು ದಾಟಿ ಅಂದರೆ ಕಾಲು ಏಳುತ್ತದೆ. ತಾಳ ಹಾಕಿದರೆ ಹೆಜ್ಜೆ ಬರುತ್ತದೆ. ರಿಹರ್ಸಲ್‌ನಲ್ಲೂ ನಾನು ಮಾಡಿದ್ದು ಇದೇ ಅಲ್ವಾ? ನೆಲಕ್ಕೆ ಟೇಪ್ ಅಂಟಿಸಿ, ಇಲ್ಲಿಂದ ಅಲ್ಲಿಗೆ ಬನ್ನಿ, ಕೈ ಹೀಗಿರಲಿ ಅಂದೆ. ಜನ ಗಮನಿಸದೆ ಮಾಡುವ ಸಣ್ಣ ಸಣ್ಣ ಚಲನೆಗಳಲ್ಲೇ ಮನುಷ್ಯ ಸಿಗುತ್ತಾನೆ ಅಂತ ಮಿಲ್ಲರ್ ನಂಬಿದ್ದರು. ರೋಗ ಪತ್ತೆ ಮಾಡುವ ಕಣ್ಣೂ ನಿರ್ದೇಶಕನ ಕಣ್ಣೂ ಅವರಿಗೆ ಬೇರೆ ಬೇರೆ ಆಗಿರಲಿಲ್ಲ.

ಲಿಯರ್ ನಾಟಕವನ್ನು ಅವರು ಮತ್ತೆ ಮತ್ತೆ ಮಾಡಿಸಿದರು. ಮೈಕಲ್ ಹಾರ್ಡರ್ನ್ ಲಿಯರ್ ಆದಾಗ, ವಿದೂಷಕನ ಪಾತ್ರಕ್ಕೆ ಫ್ರಾಂಕ್ ಮಿಡಲ್‌ಮಾಸ್ ಅವರನ್ನು ಹಾಕಿದರು. ವಿದೂಷಕನೂ ಮುದುಕ. ಇಬ್ಬರು ವಯಸ್ಸಾದ ಗೆಳೆಯರು ಬಿರುಗಾಳಿಯಲ್ಲಿ ಸಿಕ್ಕಿಕೊಂಡರೆ ಹೇಗೋ ಹಾಗೆ. ನಮ್ಮ ನಾಟಕದಲ್ಲಿ ನಿವೃತ್ತ ಮೇಷ್ಟ್ರನ್ನು ವಿದೂಷಕ ಮಾಡಿದ್ದು ಇದನ್ನು ನೋಡಿಯೇ. ಮೇಷ್ಟ್ರೇ, ಮಂಡಿ ನೋವಿನಲ್ಲೂ ನೀವು ರಾಜನ ಪಕ್ಕ ಕುಳಿತ ರೀತಿಗೆ ನಾನು ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಕೊನೆಯ ದೃಶ್ಯದಲ್ಲಿ, ಮಗಳ ಹೆಣದ ಮುಂದೆ, ಲಿಯರ್ ಒಂದು ಗುಂಡಿ ಬಿಚ್ಚಿಕೊಡಿ ಅಂತ ಕೇಳುತ್ತಾನೆ. ಬಿಚ್ಚಿದವರಿಗೆ ಥ್ಯಾಂಕ್ಸ್ ಕೂಡ ಹೇಳುತ್ತಾನೆ. ಅಂಗಿ ಗುಂಡಿ ಬಿಚ್ಚಲಾಗದ ಬೆರಳುಗಳನ್ನು ನಾನು ವಾರವಿಡೀ ನೋಡುತ್ತೇನೆ. ಆ ಮಾತಿಗೆ ನಮ್ಮ ಲಿಯರ್ ಕೈ ಹೇಗಿರಬೇಕು ಅಂತ ಹೇಳಿಕೊಡಲು ನನಗೆ ಯಾವ ಪುಸ್ತಕವೂ ಬೇಕಾಗಲಿಲ್ಲ. ಗೊತ್ತಿಲ್ಲದೆಯೇ ಇದನ್ನು ಕಲಿಸಿದ ನನ್ನ ಪೇಷೆಂಟುಗಳಿಗೂ ಇಲ್ಲಿಂದಲೇ ನಮಸ್ಕಾರ.

ವೈದ್ಯಕೀಯ ಬಿಟ್ಟದ್ದಕ್ಕೆ ಮಿಲ್ಲರ್ ಕೊನೆಯವರೆಗೂ ಕೊರಗಿದರು. ಸಂದರ್ಶನಗಳಲ್ಲಿ ಅದನ್ನು ಬಚ್ಚಿಡಲಿಲ್ಲ. ಇದೊಂದನ್ನು ಮಾತ್ರ ನಾನು ಒಪ್ಪೋದಿಲ್ಲ. ಅವರು ಬಿಟ್ಟಿರಲೇ ಇಲ್ಲ. ವಾರ್ಡಿನಲ್ಲಿ ಕೆಲವೇ ಜನರಿಗೆ ಸಿಗುತ್ತಿದ್ದ ಆ ಕಣ್ಣು ಟಿವಿ ಮುಂದೆ ಕೂತ ಮನೆ ಮನೆಗೂ ಸಿಕ್ಕಿತು. ಅವರ ಅಮ್ಮನಿಗೆ ಚಿಕ್ಕ ವಯಸ್ಸಿಗೇ ಅಲ್ಜೈಮರ್ ಬಂದಿತ್ತು. ಕೊನೆಗೆ ಅವರಿಗೂ ಅದೇ ಬಂತು. ಅಷ್ಟು ಮಾತು, ಅಷ್ಟು ನೆನಪು ಇದ್ದ ಮನುಷ್ಯನಿಗೆ ಹೀಗಾಯಿತಲ್ಲ ಅಂತ ನೆನೆದರೆ ಈಗಲೂ ಹೊಟ್ಟೆ ಸಂಕಟವಾಗುತ್ತೆ.

ಇನ್ನೊಂದು ಪ್ರದರ್ಶನ ಮಾಡಿ ಅಂತ ಕೇಳುತ್ತಿದ್ದೀರಿ. ಮಾಡೋಣ. ಈ ಸಲ ಪಾರ್ಕಿನ್ಸನ್ ಇರುವವರೂ ರಂಗದ ಮೇಲೆ ಬರಬೇಕು ಅಂತ ನನ್ನ ಆಸೆ. ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ. ಮಾತು ನಿಧಾನವಾದರೆ ನಾಟಕವೂ ನಿಧಾನವಾಗಿ ಸಾಗಲಿ. ಕೈ ನಡುಗಿದರೆ ನಡುಗಲಿ, ಲಿಯರ್‌ಗೂ ಎಂಬತ್ತು ದಾಟಿತ್ತು. ಟೇಪ್ ನಾನೇ ತರುತ್ತೇನೆ.