ಕಚೇರಿ ವೇಳೆ ಬದಲಾದರೆ ಸಾಲದು, ಛಾವಣಿಯೂ ಬದಲಾಗಲಿ

ಮಾನ್ಯರೆ,

ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುವಂತೆ ಸರ್ಕಾರ ಆದೇಶಿಸುವುದು ವಾಡಿಕೆ. ಬಿಸಿಲಿಗೆ ಹೊಂದಿಕೊಂಡು ಬದುಕುವುದು ಈ ಭಾಗಕ್ಕೆ ಹೊಸದಲ್ಲ. ಆದರೆ ಒಂದೂವರೆಗೆ ಕಚೇರಿ ಬಿಟ್ಟ ನೌಕರನಾಗಲಿ, ಬಿಸಿಲು ತಾಳದೆ ಕೆಲಸ ನಿಲ್ಲಿಸಿದ ಗೌಂಡಿಯಾಗಲಿ ಸೇರುವುದು ತಂತಮ್ಮ ಮನೆಯನ್ನೇ, ಮತ್ತು ಆ ಮನೆಗಳ ಛಾವಣಿಯ ಬಗ್ಗೆ ಯಾವ ಆದೇಶವೂ ಮಾತನಾಡುವುದಿಲ್ಲ.

ಮೂವತ್ತು ವರ್ಷ ಕಟ್ಟಡ ಕಾಮಗಾರಿಗಳ ಮೇಲ್ವಿಚಾರಣೆ ಮಾಡಿದ ನನಗೆ ಇದರಲ್ಲಿ ಪಾಲಿದೆ. ನಮ್ಮ ಹಿರಿಯರ ಮನೆಗಳಲ್ಲಿ ಶಹಾಬಾದ್ ಕಲ್ಲಿನ ದಪ್ಪ ಗೋಡೆ, ಅದರ ಮೇಲೆ ತೊಲೆ, ಜಂತಿ, ಗೇಣು ದಪ್ಪದ ಮಣ್ಣಿನ ಮೇಲ್ಮುದ್ದೆ ಇರುತ್ತಿದ್ದವು. ಮಳೆಗಾಲದಲ್ಲಿ ಸೋರುತ್ತಿತ್ತು, ಚೇಳು ಬೀಳುತ್ತಿದ್ದವು ಎಂಬುದೂ ನಿಜವೇ ಆದ್ದರಿಂದ ಅಂಥದ್ದನ್ನೇ ಮತ್ತೆ ಕಟ್ಟಿಕೊಳ್ಳಿ ಎಂದು ಯಾರಿಗೂ ಹೇಳಲಾರೆ. ಆದರೆ ಅದರ ಜಾಗಕ್ಕೆ ನಾವು ತಂದ ಕಾಂಕ್ರೀಟ್ ಸ್ಲ್ಯಾಬು ಹಗಲೆಲ್ಲ ಕಾಯ್ದು, ಹೀರಿದ ಬಿಸಿಯನ್ನು ರಾತ್ರಿ ಕೋಣೆಯೊಳಗೆ ಬಿಡುತ್ತದೆ. ತಗಡಿನ ಪಾಡು ಇನ್ನೂ ಕಷ್ಟ. ನಮ್ಮ ಬಡಾವಣೆಯ ಅಂಚಿನಲ್ಲಿರುವ ಕೂಲಿಕಾರರು ಯುಗಾದಿ ಕಳೆಯುತ್ತಲೇ ತಗಡಿನ ಮೇಲೆ ತೊಗರಿ ಕಟ್ಟಿಗೆ ಹರಡಿ, ಗಾಳಿಗೆ ಹಾರದಂತೆ ಹಳೆಯ ಟೈರು ಹೇರುತ್ತಾರೆ. ಬೆಂಕಿಯ ಭಯವಿದ್ದರೂ ಅವರಿಗೆ ಬೇರೆ ದಾರಿಯಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಮನೆಯ ಮಾಳಿಗೆಗೆ ರಾತ್ರಿಯಿಡೀ ನೆನೆಸಿ ಸೋಸಿದ ಸುಣ್ಣಕ್ಕೆ ಫೆವಿಕಾಲ್ ಬೆರೆಸಿ ಎರಡು ಕೋಟು ಬಳಿಸಿದೆ. ಮೊದಲು ಮಧ್ಯಾಹ್ನ ಹಪ್ಪಳ ಒಣಹಾಕಲು ಚಪ್ಪಲಿಯಿಲ್ಲದೆ ಹೋಗಲಾಗದ ಜಾಗದಲ್ಲಿ ಈಗ ಮನೆಯವರು ಬರಿಗಾಲಲ್ಲಿ ನಿಲ್ಲುತ್ತಾರೆ. ಕಣ್ಣು ಕುಕ್ಕುತ್ತದೆ ಎಂಬುದೊಂದೇ ಅವರ ದೂರು. ಮಳೆಗೆ ಸುಣ್ಣ ತೊಳೆದುಹೋಗುವುದರಿಂದ ಪ್ರತಿ ವರ್ಷ ಬಳಿಯಲೇಬೇಕು. ಬಿಳಿ ಛಾವಣಿಯ ಕೆಳಗೆ ಕೋಣೆಯ ಉಷ್ಣಾಂಶ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಇಳಿಯುತ್ತದೆ. ಕೂಲರ್ ಕೊಳ್ಳಲಾಗದವರಿಗೆ, ಕೊಂಡರೂ ಅದಕ್ಕೆ ಸುರಿಯಲು ನೀರಿಲ್ಲದವರಿಗೆ, ಇದು ಸಣ್ಣ ಮಾತಲ್ಲ.

ಅಹಮದಾಬಾದ್ ನಗರ 2013ರಲ್ಲೇ ಬಿಸಿಗಾಳಿ ಎದುರಿಸುವ ಯೋಜನೆ ರೂಪಿಸಿತು. ಅಷ್ಟು ದೂರವೇಕೆ, ಸೇಡಂ, ಚಿಂಚೋಳಿಯ ಗಡಿ ದಾಟಿದರೆ ಸಿಗುವ ತೆಲಂಗಾಣವು 2023ರಲ್ಲಿ ತಂಪು ಛಾವಣಿ ನೀತಿಯನ್ನೇ ತಂದು, ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೂ 600 ಚದರ ಗಜ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಮನೆಗಳಿಗೂ ಅದನ್ನು ಕಡ್ಡಾಯ ಮಾಡಿದೆ. ಅಲ್ಲಿಯ ಬಿಸಿಲೂ ಇಲ್ಲಿಯ ಬಿಸಿಲೂ ಒಂದೇ.

ಬಿಸಿಲು ತಾಳಿಕೊಳ್ಳುವುದರ ಜತೆಗೆ ಅದು ಏರದಂತೆ ತಡೆಯುವ ಕೆಲಸವೂ ಇದೇ ಛಾವಣಿಗೆ ಅಂಟಿಕೊಂಡಿದೆ. ಜಗತ್ತು ಹೊರಸೂಸುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ 7ರಿಂದ 8ರಷ್ಟು ಸಿಮೆಂಟ್ ಉದ್ಯಮದ್ದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಇಂಧನದ ಹೊಗೆಯಿಂದಲ್ಲ, ಕುಲುಮೆಯಲ್ಲಿ ಒಡೆಯುವ ಸುಣ್ಣದಕಲ್ಲಿನಿಂದಲೇ. ಹಾಗಾಗಿ ಕಾರ್ಖಾನೆಗೆ ಸೌರಫಲಕ ಹಾಕಿದ ಮಾತ್ರಕ್ಕೆ ಈ ಪಾಲು ಕರಗದು. ಸುಣ್ಣದಕಲ್ಲನ್ನು ಕುಲುಮೆಯಲ್ಲಿ ಸುಟ್ಟಾಗ ಸಿಗುವ ಗಟ್ಟಿ, ಅಂದರೆ ಕ್ಲಿಂಕರಿನ ಪ್ರಮಾಣವನ್ನೇ ಸಿಮೆಂಟಿನಲ್ಲಿ ಇಳಿಸಬೇಕು. ಕಲ್ಲಿದ್ದಲು ಸುಟ್ಟಾಗ ಉಳಿಯುವ ಹಾರುಬೂದಿ ಬೆರೆತ, ಪಿಪಿಸಿ ಎಂಬ ಸಿಮೆಂಟ್ ಮಾಡುವುದು ಇದನ್ನೇ, ಅದರಲ್ಲಿ ಬೂದಿಯ ಪಾಲು ಶೇ 35ರವರೆಗೆ ಇರಬಹುದು, ಬೂದಿಗೆ ಪಕ್ಕದ ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಬರವಿಲ್ಲ. ಗಿಲಾವು ಮತ್ತು ಸಾಧಾರಣ ಗೋಡೆ ಕೆಲಸಕ್ಕೂ ಬೂದಿ ಬೆರೆಸದ ಸಿಮೆಂಟಾದ ‘43 ಗ್ರೇಡೇ ಬೇಕು’ ಎಂದು ಹಟ ಹಿಡಿಯುವ ಗುತ್ತಿಗೆದಾರರ ಜತೆ ನಾನು ಬಹಳ ವಾದಿಸಿದ್ದೇನೆ, ಹೆಚ್ಚಿನ ಸಲ ಸೋತಿದ್ದೇನೆ. ಸುಣ್ಣದಕಲ್ಲಿನ ಈ ಜಿಲ್ಲೆಯಲ್ಲಿ ಸಿಮೆಂಟ್ ಬೇಡವೆನ್ನುವುದು ಅನ್ನಕ್ಕೆ ಕಲ್ಲು ಹಾಕಿದಂತೆ ಎಂಬ ಅರಿವಿದ್ದೇ ಇದನ್ನು ಬರೆಯುತ್ತಿದ್ದೇನೆ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಆ ಹಣದಲ್ಲಿ ಕಟ್ಟುವ ಶಾಲಾ ಕೊಠಡಿ, ಅಂಗನವಾಡಿ, ಆರೋಗ್ಯ ಕೇಂದ್ರಗಳ ಅಂದಾಜು ಪಟ್ಟಿಯಲ್ಲೇ ಬಿಳಿ ಛಾವಣಿ ಮತ್ತು ಬೂದಿ ಬೆರೆತ ಸಿಮೆಂಟನ್ನು ಸೇರಿಸಬೇಕು. ತಗಡಿನ ಮನೆಗಳಿಗೆ ಸುಣ್ಣ ಬಳಿಯುವ ಕೆಲಸವನ್ನು ಮಹಾನಗರ ಪಾಲಿಕೆ ವಾರ್ಡುವಾರು ಕೈಗೊಳ್ಳಬಹುದು. ಆದರೆ ಅದು ಮಾರ್ಚ್ ಮುಗಿಯುವುದರೊಳಗೆ ಆಗಬೇಕು. ಕಚೇರಿ ವೇಳೆಯ ಆದೇಶ ಬರುವ ಹೊತ್ತಿಗೆ ತಗಡು ಕಾಯ್ದಿರುತ್ತದೆ.

ನಿವೃತ್ತ ಕಿರಿಯ ಎಂಜಿನಿಯರ್, ಕಲಬುರಗಿ