ತೂತುಗಳ ಚಿತ್ರ ಮುದ್ರಿಸುವ ಮುನ್ನ

ಮಾನ್ಯರೇ,

ಒತ್ತೊತ್ತಾಗಿ ತೂತುಗಳಿರುವ ವಸ್ತು ಕಂಡರೆ ಕೆಲವರಿಗೆ ಮೈ ಜುಮ್ಮೆನ್ನುತ್ತದೆ, ತುರಿಕೆಯಾಗುತ್ತದೆ, ಹೊಟ್ಟೆ ತೊಳಸುತ್ತದೆ. ಟ್ರೈಪೊಫೋಬಿಯಾ ಎಂಬ ಈ ತೊಂದರೆಯ ಬಗ್ಗೆ ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಆಗಾಗ ಲೇಖನ ಬರುತ್ತದೆ, ಒಳ್ಳೆಯದೇ. ಆದರೆ ಲೇಖನದ ನೆತ್ತಿಯ ಮೇಲೆ ತಾವರೆಯ ಬೀಜಕೋಶದ್ದೋ ಜೇನುಹುಟ್ಟಿನದ್ದೋ ದೊಡ್ಡ ಬಣ್ಣದ ಚಿತ್ರ ಇರುತ್ತದೆ. ಯಾರಿಗೆ ಆ ಲೇಖನ ಬೇಕಿತ್ತೋ ಅವರೇ ಮೊದಲು ಪುಟ ಮಗುಚುತ್ತಾರೆ. ದಯವಿಟ್ಟು ಈ ರೂಢಿ ಬಿಡಿ ಎಂದು ಕೇಳಲು ಈ ಪತ್ರ.

ಇದನ್ನು ‘ಭಯ’ ಎನ್ನುವುದೇ ಅಷ್ಟು ಸರಿಯಲ್ಲ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳು ಚಿತ್ರ ನೋಡುವಾಗ ಅವರ ಕಣ್ಣಿನ ಪಾಪೆ ಎಷ್ಟು ಬದಲಾಗುತ್ತದೆಂದು ಅಳೆದರು. ಹಾವು, ಜೇಡ ಕಂಡಾಗ ಪಾಪೆ ಹಿಗ್ಗಿತು. ಅದು ಭಯದ ಗುರುತು. ತೂತುಗಳ ಗುಂಪು ಕಂಡಾಗ ಕುಗ್ಗಿತು. ಅದು ಹೇಸಿಗೆಗೆ ಹೊಂದುವ ಲಕ್ಷಣ. ಗಮನಿಸಿ, ಆ ವಿದ್ಯಾರ್ಥಿಗಳು ತಮಗೆ ಇಂಥ ತೊಂದರೆ ಇದೆ ಎಂದು ಹೇಳಿಕೊಂಡವರಲ್ಲ.

ಅಪರೂಪದ ವಿಚಾರವೂ ಅಲ್ಲ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಜೆಫ್ ಕೋಲ್ ಮತ್ತು ಆರ್ನಲ್ಡ್ ವಿಲ್ಕಿನ್ಸ್ 286 ಜನರಿಗೆ ತಾವರೆಯ ಬೀಜಕೋಶದ ಚಿತ್ರ ತೋರಿಸಿದ್ದರು. ನೋಡಲು ಕಷ್ಟ, ಅಸಹ್ಯ ಎಂದವರು ಗಂಡಸರಲ್ಲಿ ಶೇ 11, ಹೆಂಗಸರಲ್ಲಿ ಶೇ 18. 2013ರಲ್ಲಿ ಅವರು ಪ್ರಕಟಿಸಿದ ಮುಖ್ಯ ಸಂಗತಿ ಬೇರೆ. ಕಸಿವಿಸಿ ತರುವ 76 ಚಿತ್ರಗಳನ್ನೂ, ತೂತಿದ್ದರೂ ಕಸಿವಿಸಿ ತರದ 76 ಚಿತ್ರಗಳನ್ನೂ ಗಣಿತದಿಂದ ಬಿಡಿಸಿ ನೋಡಿದಾಗ, ಮೊದಲ ಗುಂಪಿನಲ್ಲಿ ಮಧ್ಯಮ ಗಾತ್ರದ ವಿವರಗಳಲ್ಲೇ ಕಪ್ಪು-ಬಿಳುಪಿನ ಅಂತರ ಅತಿಯಾಗಿತ್ತು. ಮರ, ಬೆಟ್ಟ, ಹೊಲದಂಥ ಸಹಜ ದೃಶ್ಯಗಳಲ್ಲಿ ವಿವರ ಸಣ್ಣದಾದಷ್ಟೂ ಈ ಅಂತರ ಒಂದು ಕ್ರಮದಲ್ಲಿ ಕಡಿಮೆಯಾಗುತ್ತ ಹೋಗುತ್ತದೆ. ನಮ್ಮ ದೃಷ್ಟಿವ್ಯವಸ್ಥೆ ಪಳಗಿರುವುದು ಆ ಕ್ರಮಕ್ಕೆ. ಕ್ರಮ ತಪ್ಪಿದ ಚಿತ್ರ ನೋಡುವುದು ಕಣ್ಣಿಗೂ ಮಿದುಳಿಗೂ ಹೆಚ್ಚಿನ ಶ್ರಮ.

ತಾವರೆಯ ಬೀಜಕೋಶವನ್ನೇ ಹತ್ತಿರದಿಂದ ನೋಡಿ. ಚಪ್ಪಟೆ ಮುಖ, ಅದರಲ್ಲಿ ಹೆಚ್ಚುಕಡಿಮೆ ಒಂದೇ ಅಳತೆಯ ಗುಳಿಗಳು, ಒಣಗಿದ ಮೇಲೆ ಒಂದೊಂದರಲ್ಲೂ ಸಡಿಲವಾಗಿ ಕೂತ ಬೀಜ, ಬೀಜದ ಸುತ್ತ ಕಪ್ಪು ನೆರಳಿನ ಬಳೆ. ಸೆಟ್ ದೋಸೆಯ ಮೇಲೂ ತೂತುಗಳೇ. ಆದರೆ ಅವು ದೊಡ್ಡದು-ಚಿಕ್ಕದು ಬೆರೆತಿರುತ್ತವೆ, ಒಳಗೂ ಹೊರಗೂ ಬಣ್ಣ ಒಂದೇ. ಅದನ್ನು ಕಂಡು ಮುಖ ತಿರುಗಿಸುವವರೂ ಇದ್ದಾರೆ, ಇಲ್ಲವೆಂದಲ್ಲ. ಆದರೂ ಕಾಟ ಹೆಚ್ಚು ಆ ಕಪ್ಪು ಬಳೆಯದ್ದೇ.

ಹೇಸಿಗೆಯ ಇನ್ನೊಂದು ಮೂಲ ಚರ್ಮ. ಸಿಡುಬಿನ ಗುಳ್ಳೆ, ಕಜ್ಜಿ, ನಾಯಿಯ ಕಿವಿಯಲ್ಲಿ ಸಾಲಾಗಿ ಕಚ್ಚಿಕೊಂಡ ಉಣ್ಣೆ, ಎಲ್ಲವೂ ದುಂಡಗಿನವು, ಗುಂಪಾಗಿರುವಂಥವು. ಇವುಗಳಿಂದ ದೂರ ಸರಿಯುವ ಒಳ್ಳೆಯ ಗುಣವೇ ಕೆಲವರಲ್ಲಿ ಅತಿಯಾಗಿ ಕೆಲಸ ಮಾಡುತ್ತದೆ ಎಂಬ ವಾದವನ್ನು ಸಂಶೋಧಕರಾದ ಟಾಮ್ ಕುಪ್ಫರ್ ಮತ್ತು ಆನ್ ಲೆ 2018ರಲ್ಲಿ ಮುಂದಿಟ್ಟರು. ಅವರ ಅಧ್ಯಯನದಲ್ಲಿ ರೋಗದ ಗುಳ್ಳೆಗಳಿರುವ ಚರ್ಮದ ಚಿತ್ರ ಎಲ್ಲರಿಗೂ ಅಸಹ್ಯವೆನಿಸಿತು. ಬರೀ ವಸ್ತುಗಳ ಮೇಲಿನ ತೂತುಗಳು ಈ ತೊಂದರೆ ಇರುವವರಿಗೆ ಮಾತ್ರ. ಎರಡು ವಿವರಣೆಗಳಲ್ಲಿ ಒಂದನ್ನೇ ಆರಿಸಬೇಕೆಂದು ನನಗನಿಸುವುದಿಲ್ಲ. ಕಣ್ಣಿಗೆ ಬೀಳುವ ವಿನ್ಯಾಸ ಮೊದಲ ಪೆಟ್ಟು, ಚರ್ಮದ ನೆನಪು ಎರಡನೆಯದು. ತಾವರೆಯ ತೂತುಗಳನ್ನು ಮನುಷ್ಯರ ಕೈ, ಕೆನ್ನೆಗೆ ಅಂಟಿಸಿ ತಿದ್ದಿದ ಚಿತ್ರಗಳು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತವಲ್ಲ, ಅವು ಎರಡನ್ನೂ ಒಟ್ಟಿಗೆ ಕೆರಳಿಸುತ್ತವೆ. ಅಂಥ ಚರ್ಮರೋಗ ಇಲ್ಲವೆಂದು ಯಾರಾದರೂ ಆಗಾಗ ಬರೆಯಬೇಕು.

ಇನ್ನು ಪುಟ ವಿನ್ಯಾಸದ ವಿಷಯ. ಚಿತ್ರ ಚಿಕ್ಕದು ಮಾಡಿದರೆ ಸಾಕೆಂದುಕೊಳ್ಳಬೇಡಿ. ಕೈ ಚಾಚಿ ಹಿಡಿದ ಕಿರುಬೆರಳಿನ ಅಗಲ ನಮ್ಮ ನೋಟದಲ್ಲಿ ಸುಮಾರು 1 ಡಿಗ್ರಿ. ಅಷ್ಟರೊಳಗೆ ಕಪ್ಪು-ಬಿಳಿ ಗೆರೆಗಳು ಮೂರು ಜೊತೆ ಕೂತರೆ ಕಣ್ಣಿಗೆ ಅತಿ ಹೆಚ್ಚು ಹಿಂಸೆ ಎಂಬುದು ವಿಲ್ಕಿನ್ಸ್ ಅವರ ಹಳೆಯ ಕೆಲಸದಿಂದ ಗೊತ್ತಿರುವ ಮಾತು. 40 ಸೆಂಟಿಮೀಟರ್ ದೂರದಲ್ಲಿ ಹಿಡಿದ ಪತ್ರಿಕೆಯಲ್ಲಿ ಆ ಲೆಕ್ಕ, ಒಂದು ತೂತಿನಿಂದ ಮತ್ತೊಂದಕ್ಕೆ 2ರಿಂದ 3 ಮಿಲಿಮೀಟರ್. ಅಂದರೆ ದೊಡ್ಡ ಜೇನುಹುಟ್ಟನ್ನು ಒಂದು ಕಾಲಮ್ಮಿಗೆ ಕುಗ್ಗಿಸಿದರೆ ತೂತುಗಳು ನೇರ ಆ ಅಳತೆಗೇ ಬಂದು ಕೂರಬಹುದು. ಚಿತ್ರ ಬೇಕೇ ಬೇಕೆಂದರೆ ಒಂದೋ ಎರಡೋ ತೂತು ಉಳಿಯುವಂತೆ ಕತ್ತರಿಸಿ, ಅಥವಾ ಕಾಂಟ್ರಾಸ್ಟ್ ತೀರಾ ಇಳಿಸಿ, ಇಲ್ಲವೇ ಗೆರೆಚಿತ್ರ ಬರೆಸಿ. ವೆಬ್‌ಸೈಟಿನಲ್ಲಾದರೆ ಮುಚ್ಚಿಟ್ಟು, ಒತ್ತಿದರೆ ಮಾತ್ರ ತೆರೆಯುವಂತೆ ಮಾಡಿ. ಶೀರ್ಷಿಕೆಯ ಪಕ್ಕ ಮಾತ್ರ ಬೇಡ.

ಮನೆಯವರಿಗೂ ಒಂದು ಮಾತು. ‘ನೋಡಿ ನೋಡಿ ಅಭ್ಯಾಸ ಆಗುತ್ತೆ’ ಎಂದು ಫೋನನ್ನು ಮುಖಕ್ಕೆ ಹಿಡಿಯುವುದರಿಂದ ಅಸಹ್ಯ ಇಳಿಯುವ ಬದಲು ಗಟ್ಟಿಯಾಗಬಹುದು. ಮನಃಶಾಸ್ತ್ರಜ್ಞರು ಮಾಡಿಸುವ ಅಭ್ಯಾಸವೇ ಬೇರೆ. ಮೊದಲು ಪದ, ಆಮೇಲೆ ಗೆರೆಚಿತ್ರ, ಮಸುಕಾದ ಫೋಟೊ, ಬಣ್ಣದ ಫೋಟೊ, ಕೊನೆಗೆ ವಸ್ತು. ಒಂದು ಮೆಟ್ಟಿಲಲ್ಲಿ ಕಸಿವಿಸಿ ಚೆನ್ನಾಗಿ ಇಳಿಯುವವರೆಗೆ ಮುಂದಿನದಕ್ಕೆ ಹೋಗುವಂತಿಲ್ಲ, ವೇಗ ತೊಂದರೆ ಇರುವವರ ಕೈಯಲ್ಲೇ ಇರಬೇಕು. ಎಲ್ಲರಿಗೂ ಇದು ಬೇಕಿಲ್ಲ. ಮುಖ ತಿರುಗಿಸಿದರೆ ಮುಗಿಯಿತು ಎನ್ನುವವರೇ ಹೆಚ್ಚು. ಆದರೆ ಆರು ತಿಂಗಳಾದರೂ ಬಿಡದೆ, ಅಡುಗೆ, ಓದು, ಕೆಲಸ ತಪ್ಪಿಸುವ ಮಟ್ಟಕ್ಕೆ ಬಂದಿದ್ದರೆ ನಾಚಿಕೆ ಪಡದೆ ಸಲಹೆ ಕೇಳಬೇಕು. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಸಲ ಲೇಖನ ಹಾಕುವಾಗ ಚಿತ್ರದ ಜಾಗದಲ್ಲಿ ಈ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಹಾಕಿ.

– ದೃಷ್ಟಿವಿಜ್ಞಾನದ ಅಧ್ಯಾಪಕರೊಬ್ಬರು, ಮೈಸೂರು